ಸಣ್ಣ ದೋಣಿಯಲ್ಲಿ ಜೀವಂತ ಮೀನಿನ ತೊಟ್ಟಿ: ಕೊಳವೆ, ಪಂಪು, ನೀರಿನ ಓಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಳದ ಕೆಲಸ ಮಾಡುವ ನನಗೆ, ಮಾವನವರ ಮನೆಯ ಮೀನುಗಾರಿಕೆಯಿಂದಾಗಿ ದೋಣಿಯ ಕೆಲಸವೂ ಗಂಟುಬಿತ್ತು. ಬೆಣ್ಣೆತೊರಾ, ಕಾರಂಜಾ, ನಾರಾಯಣಪುರದ ಬಸವಸಾಗರ ಮತ್ತು ಭೀಮಾ ನದಿಯ ಸೊನ್ನ ಬ್ಯಾರೇಜಿನ ಕಡೆಯ ಮೀನುಗಾರರು ದಡದಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರದೇ ಮಾತಿನಲ್ಲಿ ಇಟ್ಟು ಉತ್ತರಿಸಿದ್ದೇನೆ. ಮೊದಲ ಬಾರಿ ತೊಟ್ಟಿ ಮಾಡಿಸುವವರು ಮೊದಲಿನಿಂದ ಓದಬೇಕು. ಈಗಾಗಲೇ ತೊಟ್ಟಿ ಇರುವವರು ತಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

### ಆರಂಭಿಸುವವರಿಗೆ

ಬಕೀಟಿನ್ಯಾಗ ನೀರು ಹಾಕಿ ಮೀನು ಬಿಟ್ರ ಸಾಲಲ್ಲೇನ್ರಿ? ಇದಕ್ಯಾಕ ಇಷ್ಟು ಪೈಪು, ಪಂಪು?

ಹತ್ತು ನಿಮಿಷದ ಮಟ್ಟಿಗೆ ಬಕೀಟು ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಮೀನು ನಿಂತ ನೀರಿನಲ್ಲಿದ್ದರೆ ಮೂರು ತೊಂದರೆಗಳು ಒಟ್ಟಿಗೇ ಬರುತ್ತವೆ: ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮೀನು ಉಸಿರಾಡಿ ಮುಗಿಸುತ್ತದೆ, ಅದರ ಕಿವಿರಿನಿಂದಲೇ ಹೊರಬೀಳುವ ಅಮೋನಿಯಾ ನೀರಿನಲ್ಲಿ ಸೇರುತ್ತಾ ಹೋಗುತ್ತದೆ, ಮತ್ತು ನಮ್ಮ ಬಿಸಿಲಿಗೆ ಬಕೀಟಿನ ನೀರು ಬೇಗನೆ ಕಾಯುತ್ತದೆ. ಜೀವಂತ ಮೀನಿನ ತೊಟ್ಟಿ ಎಂದರೆ ಜಲಾಶಯದ ಹೊಸ ನೀರನ್ನು ಒಂದು ಬದಿಯಿಂದ ತಂದು, ಬಳಸಿದ ನೀರನ್ನು ಇನ್ನೊಂದು ಬದಿಯಿಂದ ತಾನಾಗಿಯೇ ಹೊರಗೆ ಬಿಡುವ ಪೆಟ್ಟಿಗೆ. ನೀರು ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಈ ಕೆಲಸದ ಮುಖ್ಯ ಭಾಗ. ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಹೊರದಾರಿಯನ್ನು ಕಡೆಗಣಿಸಿದ್ದರಿಂದ ಹುಟ್ಟಿದವು.

ನಂದು ಹರಿಗೋಲು. ನನಗೂ ತೊಟ್ಟಿ ಬೇಕಾ?

ಬೇಡ. ಹರಿಗೋಲಿಗೆ ನೀರು ತುಂಬಿದ ಪೆಟ್ಟಿಗೆಯನ್ನು ಇಡುವುದು ಅಪಾಯ. ಒಂದೇ ಕಡೆ ನಿಂತು ಮೀನು ಹಿಡಿಯುವವರಿಗೆ ಹಾಪಾ, ಅಂದರೆ ಬಲೆಯ ಬಟ್ಟೆಯಲ್ಲಿ ಹೊಲಿದ ಚೌಕಾಕಾರದ ಚೀಲವನ್ನು ದೋಣಿಯ ಪಕ್ಕದಲ್ಲಿ ನೀರಿಗೇ ಇಳಿಸಿ ಕಟ್ಟುವುದು ಯಾವ ಪಂಪಿಗಿಂತಲೂ ಒಳ್ಳೆಯದು. ಫೈಬರ್ ದೋಣಿ ಇದ್ದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತಾ ಬಲೆ ಎತ್ತುವವರಿಗೆ ಮತ್ತು ಜೀವಂತ ಮೀನನ್ನೇ ಪೇಟೆಗೆ ಒಯ್ಯುವವರಿಗೆ ಮಾತ್ರ ತೊಟ್ಟಿಯ ಖರ್ಚು ಸಾರ್ಥಕವಾಗುತ್ತದೆ.

ಎಷ್ಟು ಲೀಟರಿನ ತೊಟ್ಟಿ ಮಾಡಿಸಲಿ? ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ?

ಮೀನಿಗೆ ಒಳ್ಳೆಯದು, ದೋಣಿಗೆ ಅಲ್ಲ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಅರವತ್ತು ಲೀಟರಿನ ತೊಟ್ಟಿ ತುಂಬಿದರೆ ಬೆಳೆದ ಒಬ್ಬ ಮನುಷ್ಯ ದೋಣಿಯಲ್ಲಿ ಹೆಚ್ಚಾಗಿ ಕುಳಿತಂತೆ, ಮತ್ತು ಆ ಮನುಷ್ಯ ದೋಣಿ ವಾಲಿದ ಕಡೆಗೇ ತಾನೂ ಸರಿಯುವವನು. ಅರ್ಧ ತುಂಬಿದ ತೊಟ್ಟಿಯಲ್ಲಿ ನೀರು ತುಳುಕಿ ಒಂದೇ ಬದಿಗೆ ಬಂದು ನಿಲ್ಲುವುದರಿಂದ, ಕಡಿಮೆ ನೀರು ಹಾಕಿದರೆ ದೋಣಿ ಭದ್ರ ಎಂಬ ಲೆಕ್ಕ ತಪ್ಪಾಗುತ್ತದೆ. ಇಬ್ಬರು ಕೂರುವ ಹನ್ನೆರಡು ಅಡಿಯ ಫೈಬರ್ ದೋಣಿಗೆ ನಾನು 50ರಿಂದ 60 ಲೀಟರಿಗಿಂತ ಹೆಚ್ಚಿನದನ್ನು ಮಾಡಿಕೊಡುವುದಿಲ್ಲ. ಅದನ್ನು ದೋಣಿಯ ನಡುಗೆರೆಯ ಮೇಲೆ, ಮಧ್ಯದಿಂದ ಸ್ವಲ್ಪ ಹಿಂದಕ್ಕೆ, ಆದಷ್ಟು ತಳಕ್ಕೆ ಹತ್ತಿರವಾಗಿ ಕೂರಿಸಿ ಪಟ್ಟಿಯಿಂದ ಬಿಗಿಯಬೇಕು. ಅಷ್ಟು ನೀರಿನಲ್ಲಿ ಬೇಸಿಗೆಯಲ್ಲಿ ಮೂರರಿಂದ ನಾಲ್ಕು ಕಿಲೋ, ಚಳಿಗಾಲದಲ್ಲಿ ಆರು ಕಿಲೋ ಗೆಂಡೆ ಜಾತಿಯ ಮೀನನ್ನು ಇಡುವುದು ನಮ್ಮ ಮನೆಯ ರೂಢಿ.

ಮನೆಯಲ್ಲಿ ಹಳೆಯ ನೀಲಿ ಡ್ರಮ್ಮು ಇದೆ. ಅದನ್ನೇ ಕತ್ತರಿಸಿ ಮಾಡಬಹುದೇ?

ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂಬುದು ಖಚಿತವಾಗಿ ಗೊತ್ತಿದ್ದರೆ ಮಾತ್ರ. ನಮ್ಮದು ತೊಗರಿಯ ನಾಡು, ಹೀಗಾಗಿ ಹೊಲದ ಮನೆಗಳಲ್ಲಿರುವ ಡ್ರಮ್ಮುಗಳಲ್ಲಿ ಒಮ್ಮೆಯಾದರೂ ಔಷಧ ಕಲಸಿರುತ್ತಾರೆ. ಕಾಯಿಕೊರಕ ಹುಳುವಿಗೆ ಹೊಡೆಯುವ ಸೈಪರ್‌ಮೆಥ್ರಿನ್‌ನಂತಹ ಔಷಧಗಳು ಮನುಷ್ಯನಿಗೆ ಏನೂ ಅನ್ನಿಸದಷ್ಟು ಅಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ, ಮತ್ತು ಪ್ಲಾಸ್ಟಿಕ್ಕಿನ ಗೋಡೆಯೊಳಗೆ ಇಳಿದ ಔಷಧವನ್ನು ಸೋಪಿನಿಂದ ತೊಳೆದು ತೆಗೆಯಲಾಗುವುದಿಲ್ಲ. ಅಡುಗೆ ಎಣ್ಣೆ, ಬೆಲ್ಲದ ಪಾಕ ಅಥವಾ ಉಪ್ಪಿನಕಾಯಿ ಬಂದಿದ್ದ ಡ್ರಮ್ಮು ನಡೆಯುತ್ತದೆ.

ಆದರೂ ನನ್ನ ಮನಸ್ಸು ಒಲಿಯುವುದು ಹಳೆಯ ಐಸ್ ಪೆಟ್ಟಿಗೆಯ ಕಡೆಗೆ. ಎರಡು ಗೋಡೆಗಳ ನಡುವೆ ಫೋಮ್ ಇರುವುದರಿಂದ ನೀರು ನಿಧಾನವಾಗಿ ಕಾಯುತ್ತದೆ, ಮುಚ್ಚಳ ಜೊತೆಗೇ ಬಂದಿರುತ್ತದೆ. ಚೂಪಾದ ಮೂಲೆಗಳಿದ್ದರೆ ಮೀನು ಅಲ್ಲಿಗೇ ಹೋಗಿ ಮೂತಿ ತಿಕ್ಕಿಕೊಳ್ಳುತ್ತದೆ. ಹಾಗಾಗಿ ದುಂಡು ಮೂಲೆಯ ಪೆಟ್ಟಿಗೆಯನ್ನೇ ಹುಡುಕಬೇಕು.

### ಪಂಪು ಮತ್ತು ಬ್ಯಾಟರಿ

ಯಾವ ಪಂಪು ತರಬೇಕು?

ದೋಣಿಯೊಳಗೆ ಸೇರಿದ ನೀರನ್ನು ಎತ್ತಿಹಾಕಲು ತಯಾರಾಗುವ, ನೀರಿನಲ್ಲಿ ಮುಳುಗಿಯೇ ಓಡುವ 12 ವೋಲ್ಟಿನ ಬಿಲ್ಜ್ ಪಂಪು ಇದಕ್ಕೆ ತಕ್ಕದ್ದು. ಅದರ ಮೇಲೆ ಗಂಟೆಗೆ 500 ಗ್ಯಾಲನ್ ಎಂದು ಬರೆದಿದ್ದರೆ ಸುಮಾರು 1,900 ಲೀಟರ್ ಎಂದು ಅರ್ಥ. ಆದರೆ ಅದು ನೀರನ್ನು ಮೇಲೆತ್ತದೆ, ಕೊಳವೆಯ ತಡೆಯಿಲ್ಲದೆ ಸಿಗುವ ಲೆಕ್ಕ. ಒಂದು ಮೀಟರ್ ಎತ್ತರಕ್ಕೆ, ಎರಡು ಎಲ್ಬೋ, ಅಂದರೆ ಕೊಳವೆಯ ಮೂಲೆ ತಿರುವು ದಾಟಿ ಬರುವಾಗ ಸುಮಾರು 1,200 ಲೀಟರ್ ಬಂದರೆ ತೃಪ್ತಿಪಡಬೇಕು. ಅರವತ್ತು ಲೀಟರಿನ ತೊಟ್ಟಿಗೆ ಅದು ಧಾರಾಳವಾಗಿ ಸಾಕು. ಇದಕ್ಕಿಂತ ದೊಡ್ಡ ಪಂಪು ತಂದರೆ ಒಳಗಿನ ಮೀನು ಸುಳಿಯ ವಿರುದ್ಧ ಈಜಿ ಈಜಿಯೇ ದಣಿಯುತ್ತದೆ.

ಕೂಲರಿನ ಪಂಪು ಮನ್ಯಾಗೇ ಅದ. ಅದು ನಡೀತದೇನ್ರಿ?

ಮನೆಯ ಕರೆಂಟಿನಲ್ಲಿ ಓಡುವ 230 ವೋಲ್ಟಿನ ಕೂಲರ್ ಪಂಪನ್ನು ಇನ್ವರ್ಟರ್ ಹಾಕಿ ದೋಣಿಯಲ್ಲಿ ಓಡಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಒದ್ದೆ ಕಾಲು, ಒದ್ದೆ ಬಲೆ, ಸುತ್ತಲೂ ನೀರು ಇರುವಲ್ಲಿ ಆ ವೋಲ್ಟೇಜು ಜೀವ ತೆಗೆಯುತ್ತದೆ. 12 ವೋಲ್ಟಿನ ಕೂಲರ್ ಪಂಪುಗಳೂ ಬರುತ್ತವೆ. ತೊಟ್ಟಿಯ ನೀರನ್ನೇ ತಿರುಗಿಸಿ ಸಿಂಪಡಿಸಲು ಅವು ಆದಾವು, ಆದರೆ ಜಲಾಶಯದಿಂದ ನೀರೆತ್ತಲು ಅವುಗಳ ಶಕ್ತಿ ಸಾಲದು, ಒಂದು ಎಳೆ ಪಾಚಿಗೇ ಕಟ್ಟಿಕೊಳ್ಳುತ್ತವೆ.

ಔಷಧ ಹೊಡೆಯುವ ಬ್ಯಾಟರಿ ಪಂಪಿನ ಮೋಟಾರನ್ನು ಬಿಚ್ಚಿ ಹಾಕಿದರೆ?

ಡ್ರಮ್ಮಿನ ಬಗ್ಗೆ ಹೇಳಿದ ಕಾರಣವೇ ಇಲ್ಲಿಯೂ ಇದೆ: ಬಳಸಿದ ಸ್ಪ್ರೇಯರಿನ ಮೋಟಾರು, ನಳಿಕೆ, ಟ್ಯಾಂಕು ಯಾವುದನ್ನೂ ಮೀನಿನ ನೀರಿಗೆ ತಾಗಿಸಬಾರದು. ಹೊಸದನ್ನೇ ತಂದರೂ ಅದು ಒತ್ತಡ ಹೆಚ್ಚು, ನೀರು ಕಡಿಮೆ ಕೊಡುವ ಜಾತಿಯದು, ನಿಮಿಷಕ್ಕೆ ಮೂರ್ನಾಲ್ಕು ಲೀಟರ್ ಮಾತ್ರ. ಸ್ಪ್ರೇಯರಿನ ಬ್ಯಾಟರಿಯನ್ನು ಮಾತ್ರ ಹೊರಮೈ ಚೆನ್ನಾಗಿ ಒರೆಸಿ ಬಳಸಿಕೊಳ್ಳಬಹುದು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಫ್ಯೂಸು ಬೇಕೇ ಬೇಕಾ?

500 ಗ್ಯಾಲನ್ನಿನ ಪಂಪು ಸುಮಾರು ಎರಡರಿಂದ ಎರಡೂವರೆ ಆಂಪಿಯರ್ ಎಳೆಯುತ್ತದೆ. 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುವುದರಿಂದ ಲೆಕ್ಕಕ್ಕೆ ಸಿಗುವುದು ಮೂರೂವರೆ ಮಾತ್ರ, ಅಂದರೆ ಬಿಡದೆ ಓಡಿಸಿದರೆ ಹೆಚ್ಚೆಂದರೆ ಒಂದೂವರೆ ಗಂಟೆ. ಒಂದು ನಿಮಿಷ ಓಡಿ ಮೂರು ನಿಮಿಷ ನಿಲ್ಲುವಂತೆ ಸೈಕ್ಲಿಕ್ ಟೈಮರ್ ಹಾಕಿದರೆ ಅದೇ ಬ್ಯಾಟರಿ ಐದು ಗಂಟೆ ಬರುತ್ತದೆ, ತೊಟ್ಟಿಯ ನೀರು ಆಗಲೂ ಗಂಟೆಗೆ ಐದು ಬಾರಿ ಬದಲಾಗುತ್ತದೆ.

ಫ್ಯೂಸು ಬೇಕೇ ಬೇಕು. ಅದು ಪಂಪಿನ ಬಳಿಯಲ್ಲ, ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು, ಏಕೆಂದರೆ ಅದು ಕಾಯಬೇಕಾದದ್ದು ನಡುವಿನ ತಂತಿಯನ್ನು. ಎಷ್ಟು ಆಂಪಿಯರಿನದು ಎಂಬುದು ಪಂಪಿನ ಚೀಟಿಯ ಮೇಲೆ ಬರೆದಿರುತ್ತದೆ. ತಂತಿ 1.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ. ತೆಳ್ಳನೆಯ ತಂತಿಯಲ್ಲಿ ಅರ್ಧ ವೋಲ್ಟು ದಾರಿಯಲ್ಲೇ ಕಳೆದುಹೋಗಿ ಪಂಪು ಸೋತಂತೆ ಓಡುತ್ತದೆ. ಜೋಡಣೆಗಳಿಗೆ ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ತೋಳು ತೊಡಿಸಬೇಕು. ಬರೀ ಟೇಪು ಸುತ್ತಿದ್ದು ಒಂದು ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ.

### ಕೊಳವೆಯ ಕೆಲಸ

ಒಳಬರುವ ಪೈಪು, ಹೊರಹೋಗುವ ಪೈಪು ಎರಡೂ ಮುಕ್ಕಾಲು ಇಂಚು ಹಾಕಿದ್ದೇನೆ. ತೊಟ್ಟಿ ತುಂಬಿ ಚೆಲ್ಲುತ್ತದೆ. ಪಂಪು ಜಾಸ್ತಿಯಾಯಿತೇ?

ಪಂಪು ಸರಿಯಾಗಿದೆ, ಹೊರದಾರಿ ಸಾಲದು. ಒಳಗೆ ಬರುವ ನೀರನ್ನು ಮೋಟಾರು ನೂಕುತ್ತದೆ. ಹೊರಗೆ ಹೋಗುವ ನೀರನ್ನು ನೂಕುವವರು ಯಾರೂ ಇಲ್ಲ, ಕೊಳವೆಯ ಬಾಯಿಯ ಮೇಲೆ ನಿಂತ ನಾಲ್ಕೈದು ಸೆಂಟಿಮೀಟರ್ ನೀರಿನ ಭಾರವೇ ಅದಕ್ಕಿರುವ ಬಲ. ಅಷ್ಟು ಬಲಕ್ಕೆ, ಮುಕ್ಕಾಲು ಇಂಚು ಹಾಗಿರಲಿ, ಒಂದಿಂಚಿನ ಕೊಳವೆಯಲ್ಲಿಯೂ ಸೆಕೆಂಡಿಗೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಮಾತ್ರ ಹೋಗುತ್ತದೆ, ಪಂಪು ತರುವುದು ಅದಕ್ಕಿಂತ ಹೆಚ್ಚು. ಒಂದೂವರೆ ಇಂಚಿನ ಕೊಳವೆಯ ಬಾಯಿ ಮುಕ್ಕಾಲು ಇಂಚಿನದರ ನಾಲ್ಕರಷ್ಟು ಅಗಲ, ಏಕೆಂದರೆ ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ಆದ್ದರಿಂದ ಒಳಕ್ಕೆ ಮುಕ್ಕಾಲು ಇಂಚು, ಹೊರಕ್ಕೆ ಒಂದೂವರೆ ಇಂಚು ಎಂಬುದನ್ನು ನಾನು ಯಾವ ದೋಣಿಗೂ ಬದಲಿಸುವುದಿಲ್ಲ.

ಈ ಪಾಠ ನಾನು ಬೆಣ್ಣೆತೊರಾದ ನಡುನೀರಿನಲ್ಲಿ ಕಲಿತದ್ದು. ನಾನು ಮಾಡಿದ ಮೊದಲ ತೊಟ್ಟಿಗೆ ಎರಡೂ ಕಡೆ ಮುಕ್ಕಾಲು ಇಂಚನ್ನೇ ಹಾಕಿದ್ದೆ, ಬಾಯಿಗೆ ಜಾಲರಿಯನ್ನೂ ಹಾಕಿರಲಿಲ್ಲ. ಮಾವನವರು ಬಲೆ ಎಳೆಯುತ್ತಿದ್ದವರು ತಿರುಗಿ ನೋಡದೆಯೇ, "ಕಾಲಿಗಿ ನೀರ ಹತ್ಲತ್ತಾವ ನೋಡಪಾ" ಎಂದರು. ನೋಡಿದರೆ ಬೆರಳುದ್ದದ ಒಂದು ಜಿಲೇಬಿ (ತಿಲಾಪಿಯಾ) ಮೀನು ಬಾಲ ಮುಂದಾಗಿ ಹೊರಕೊಳವೆಯೊಳಗೆ ಸೇರಿ, ತನ್ನ ಬೆನ್ನಿನ ಮುಳ್ಳನ್ನು ಅಗಲಿಸಿಕೊಂಡು ಬಿರಡೆಯಂತೆ ಕೂತಿತ್ತು. ತೊಟ್ಟಿಯ ನಾಲ್ಕೂ ಅಂಚಿನಿಂದ ನೀರು ಸದ್ದಿಲ್ಲದೆ ದೋಣಿಯೊಳಗೆ ಇಳಿಯುತ್ತಿತ್ತು, ಎಳೆದು ಹಾಕಿದ್ದ ಬಲೆಯ ಬೆಂಡುಗಳು ಆಗಲೇ ತೇಲತೊಡಗಿದ್ದವು, ಬ್ಯಾಟರಿ ತಳದಲ್ಲೇ ಇತ್ತು. ಪಂಪು ನಿಲ್ಲಿಸಿ, ಎಣ್ಣೆ ಡಬ್ಬಿಯಲ್ಲಿ ನೀರು ಮೊಗೆದು ದಡ ಸೇರಿದೆವು. ಆ ದಿನ ದೋಣಿಯಲ್ಲಿ ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅಂದಿನಿಂದ ನಾನು ಮಾಡುವ ಪ್ರತಿ ತೊಟ್ಟಿಗೂ ಹೊರದಾರಿಯ ಬಾಯಿಗೆ, ಬಾಯಿಗಿಂತ ಮೂರುಪಟ್ಟು ದೊಡ್ಡದಾದ ಗುಮ್ಮಟದಂತಹ ಜಾಲರಿ ಇರುತ್ತದೆ. ಮೊದಲನೆಯದಕ್ಕಿಂತ ಮೂರು ಬೆರಳು ಮೇಲೆ ಎರಡನೆಯ ಹೊರದಾರಿ ಇರುತ್ತದೆ. ಬ್ಯಾಟರಿ ಎತ್ತರದ ಪೆಟ್ಟಿಗೆಯಲ್ಲಿರುತ್ತದೆ. ಚಪ್ಪಟೆ ಜಾಲರಿ ಸಾಲದು, ಅಗಲವಾದ ಒಂದು ಎಲೆ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಪೈಪು ಕೂಡಿಸಿದಲ್ಲಿ ಎಷ್ಟು ಗಮ್ ಹಚ್ಚಿದರೂ ಸೋರುತ್ತದೆ. ಏನು ಮಾಡಲಿ?

ನೀಲಿ ಡ್ರಮ್ಮು ಮತ್ತು ಐಸ್ ಪೆಟ್ಟಿಗೆಗಳ ಪ್ಲಾಸ್ಟಿಕ್ಕು ಪಾಲಿಥೀನ್ ಜಾತಿಯದು. ಪಿವಿಸಿ ಸಲ್ಯೂಷನ್ನಾಗಲಿ, ಎಪಾಕ್ಸಿ ಪುಟ್ಟಿಯಾಗಲಿ, ಸಿಲಿಕೋನಾಗಲಿ ಅದಕ್ಕೆ ನಿಜವಾಗಿ ಅಂಟುವುದಿಲ್ಲ. ಒಣಗಿದಾಗ ಗಟ್ಟಿಯಾದಂತೆ ಕಂಡದ್ದು ದೋಣಿ ಅಲುಗಿದಾಗ ಹಪ್ಪಳದಂತೆ ಏಳುತ್ತದೆ. ಇದಕ್ಕೆ ಇರುವ ಸರಿಯಾದ ಸಾಮಾನು ಟ್ಯಾಂಕ್ ನಿಪ್ಪಲ್, ಮನೆಯ ಮೇಲಿನ ಸಿಂಟೆಕ್ಸಿಗೆ ಹಾಕುವಂಥದ್ದೇ. ಹೋಲ್ ಸಾ ಹಾಕಿ ದುಂಡಗೆ ಕೊರೆದು, ತೂತಿನ ಅಂಚನ್ನು ಬ್ಲೇಡಿನಿಂದ ನುಣುಪು ಮಾಡಿ, ರಬ್ಬರ್ ವಾಷರನ್ನು ನೀರಿರುವ ಬದಿಗೆ ಇಟ್ಟು, ನಟ್ಟನ್ನು ಕೈಯಿಂದ ಬಿಗಿದ ಮೇಲೆ ಪಾನಾದಿಂದ ಅರ್ಧ ಸುತ್ತು ಮಾತ್ರ ತಿರುಗಿಸಬೇಕು. ಹೆಚ್ಚು ಬಿಗಿದರೆ ವಾಷರು ಹೊರಕ್ಕೆ ಜಾರಿ ಮತ್ತೆ ಸೋರುತ್ತದೆ. ಡ್ರಮ್ಮಿನ ಗೋಡೆ ಬಾಗಿರುವುದರಿಂದ ಅಲ್ಲಿ ದಪ್ಪ, ಮೆತ್ತನೆಯ ವಾಷರು ಬೇಕು. ಐಸ್ ಪೆಟ್ಟಿಗೆಯಾದರೆ ಎರಡೂ ಗೋಡೆ ದಾಟುವಷ್ಟು ಉದ್ದದ ನಿಪ್ಪಲ್ ತಂದು, ನಡುವಿನ ಫೋಮು ಅಮುಕದಂತೆ ಒಂದು ತುಂಡು ಕೊಳವೆಯನ್ನು ಆನಿಕೆಯಾಗಿ ಇಡಬೇಕು.

ದೋಣಿಯ ತಳಕ್ಕೆ ತೂತು ಕೊರೆಯಲೇಬೇಕಾ?

ಬೇಡ, ಮತ್ತು ದೋಣಿ ಮೀನುಗಾರರ ಸಂಘದ್ದಾಗಿದ್ದರೆ ಕೊರೆಯುವ ಹಕ್ಕೂ ನಿಮಗಿಲ್ಲ. ಪಂಪನ್ನು ಒಂದು ಅಲ್ಯೂಮಿನಿಯಂ ಪಟ್ಟಿಗೆ ಕಟ್ಟಿ, ಆ ಪಟ್ಟಿಯನ್ನು ಹಿಂಬದಿಯ ಹಲಗೆಗೆ ಶಿಕಂಜಾ (ಕ್ಲಾಂಪು) ಹಾಕಿ ಬಿಗಿದರೆ ಪಂಪು ಹೊರಗಿನ ನೀರಿನಲ್ಲೇ ಮುಳುಗಿ ನಿಲ್ಲುತ್ತದೆ, ಸಂಜೆ ಬಿಚ್ಚಿ ಮನೆಗೆ ಒಯ್ಯಬಹುದು. ನೀರಿನ ಮಟ್ಟಕ್ಕಿಂತ ಕೆಳಗೆ ಕೊರೆದ ತೂತಿಗೆ ಲೋಹದ ಥ್ರೂ-ಹಲ್, ಅಂದರೆ ದೋಣಿಯ ಗೋಡೆ ದಾಟಿಸುವ ಜೋಡಣೆ, ಅದರ ಒಳಬದಿಗೆ ಕೂಡಲೇ ಕೈಗೆ ಸಿಗುವ ಬಾಲ್ ವಾಲ್ವು, ಪಾಲಿಯುರೆಥೇನ್ ಸೀಲಂಟು ಮತ್ತು ಪ್ರತಿ ತುದಿಗೆ ಎರಡೆರಡು ಸ್ಟೀಲಿನ ಹೋಸ್ ಕ್ಲಿಪ್ಪು ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ರಾತ್ರಿ ಕಟ್ಟಿಬಿಟ್ಟ ದೋಣಿ ಬೆಳಗ್ಗೆ ತಳದಲ್ಲಿರುತ್ತದೆ. ಹೊರದಾರಿಯ ಕೊಳವೆ ಮಾತ್ರ ದೋಣಿಯ ಅಂಚಿನ ಮೇಲಿನಿಂದಲೋ, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿನ ತೂತಿನಿಂದಲೋ ಹೊರಹೋಗಲಿ. ತುಂಬಿದ ಭಾರಕ್ಕೆ ದೋಣಿ ಎಷ್ಟು ಇಳಿಯುತ್ತದೆ ಎಂದು ಅಳೆದ ಮೇಲೆಯೇ ಆ ಗೇಣನ್ನು ಗುರುತಿಸಬೇಕು.

ಪಂಪು ಬಂದ್ ಮಾಡಿದ ಕೂಡಲೇ ತೊಟ್ಟಿ ಖಾಲಿಯಾಗುತ್ತದೆ. ಎಲ್ಲಿಯೂ ಸೋರುತ್ತಿಲ್ಲ. ಏನಿದು?

ನೀರು ಬಂದ ದಾರಿಯಲ್ಲೇ ಹಿಂದಿರುಗುತ್ತಿದೆ. ಒಳಕೊಳವೆಯ ತುದಿ ತೊಟ್ಟಿಯ ನೀರಿನೊಳಗೆ ಮುಳುಗಿದ್ದರೆ, ಪಂಪು ನಿಂತೊಡನೆ ಕೊಳವೆ ತಾನೇ ಸೈಫನ್ ಆಗಿ ತೊಟ್ಟಿಯ ನೀರನ್ನು ಜಲಾಶಯಕ್ಕೆ ಎಳೆದುಕೊಳ್ಳುತ್ತದೆ. ತುದಿಯನ್ನು ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲಿಡಬೇಕು. ಹಾಗೆ ಇಡಲಾಗದಿದ್ದರೆ ಕೊಳವೆಯ ಅತಿ ಎತ್ತರದ ಬಾಗಿನಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಮಾಡಿದರೆ ಗಾಳಿ ಒಳಸೇರಿ ಸೈಫನ್ ಮುರಿಯುತ್ತದೆ.

ಮೋಟಾರು ಸದ್ದು ಮಾಡುತ್ತದೆ, ನೀರು ಮಾತ್ರ ಬರುವುದಿಲ್ಲ.

ಬಿಲ್ಜ್ ಪಂಪು ಗಾಳಿಯನ್ನು ಎಳೆದುಕೊಳ್ಳಲಾರದು, ಅದರ ಚಕ್ರ ನೀರಿನಲ್ಲೇ ಮುಳುಗಿರಬೇಕು. ದೋಣಿ ಸಾಗುವಾಗ ಹಿಂಬದಿಯ ನೀರು ಒಡೆದು ಪಂಪಿನೊಳಗೆ ಗಾಳಿ ಸೇರಿರಬಹುದು, ಅಥವಾ ನಳಿಕೆ ಎಲ್ಲಿಯೋ ಇಳಿದು ಏರಿದ್ದು ಆ ತಗ್ಗಿನಲ್ಲಿ ನಿಂತ ನೀರು ಗಾಳಿಯನ್ನು ತಡೆದಿರಬಹುದು. ನಳಿಕೆ ಪಂಪಿನಿಂದ ತೊಟ್ಟಿಯವರೆಗೆ ಏರುತ್ತಲೇ ಹೋಗಬೇಕು. ಪಂಪನ್ನು ಒಂದು ಗೇಣು ಆಳಕ್ಕೆ ಇಳಿಸಿ ಎರಡು ಬಾರಿ ಅಲುಗಿಸಿದರೆ ಸಾಮಾನ್ಯವಾಗಿ ಗಾಳಿ ಹೊರಬೀಳುತ್ತದೆ. ಅದಕ್ಕೂ ಬಗ್ಗದಿದ್ದರೆ ಜಾಲರಿಯನ್ನು ಬಿಚ್ಚಿ ನೋಡಬೇಕು. ಮಳೆಗಾಲದ ಮೊದಲ ಹೊಸ ನೀರಿನಲ್ಲಿ ಎರೆಮಣ್ಣಿನ ರಾಡಿ ಅಲ್ಲಿ ಅಂಟಿನಂತೆ ಕೂತಿರುತ್ತದೆ.

### ಬಿಸಿಲು, ನೀರು, ಮೀನು

ಏಪ್ರಿಲ್ದಾಗ ಪಂಪು ಓಡ್ಲತ್ತಿದ್ರೂ ಮೀನು ಸಾಯ್ತಾವ. ಯಾಕ್ರಿ?

ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ 25 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿಯುತ್ತದೆ, 35 ಡಿಗ್ರಿಗೆ ಅದು 7ಕ್ಕೆ ಇಳಿಯುತ್ತದೆ. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ಇದು ಇನ್ನೂ ಶೇಕಡಾ ಐದರಷ್ಟು, ಅದಕ್ಕಿಂತ ಎತ್ತರದ ಬೀದರಿನಲ್ಲಿ ಏಳರಷ್ಟು ಕಡಿಮೆ. ಇದೇ ಹೊತ್ತಿಗೆ, ನೀರಿನ ಬಿಸಿ ಹತ್ತು ಡಿಗ್ರಿ ಏರಿದರೆ ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಕಾಟ್ಲಾ, ರೋಹು ಕಸಿವಿಸಿಗೊಂಡು ಮೇಲೆ ಬಂದು ಬಾಯಿ ತೆರೆಯುತ್ತವೆ.

ಅಲ್ಲದೆ ಮಧ್ಯಾಹ್ನ ಮೇಲಿನ ಒಂದು ಅಡಿ ನೀರು ಕಾದಿರುತ್ತದೆ, ನೀವು ಪಂಪು ಮಾಡುತ್ತಿರುವುದು ಅದನ್ನೇ. ದೋಣಿ ನಿಂತಾಗ ಪಂಪನ್ನು ಹಗ್ಗ ಕಟ್ಟಿ ಒಂದು ಮೀಟರ್ ಕೆಳಗೆ ಇಳಿಸಿದರೆ ತಂಪಾದ ನೀರು ಬರುತ್ತದೆ. ತೀರಾ ತಳಕ್ಕೆ ಇಳಿಸಬಾರದು, ಬೇಸಿಗೆಯಲ್ಲಿ ಆಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ತೊಟ್ಟಿಯ ಮುಚ್ಚಳಕ್ಕೆ ಬಿಳಿ ಬಣ್ಣ ಹಚ್ಚಿ ಮೇಲೆ ಒದ್ದೆ ಗೋಣಿತಾಟು ಹೊದಿಸುವುದರಿಂದಲೂ ತುಂಬ ಗುಣ ಕಂಡಿದ್ದೇನೆ.

ಇನ್ನೊಂದು ಮಾತು ಬೆಳಗಿನ ಜಾವದವರಿಗೆ. ಹಸಿರು ಪಾಚಿ ದಟ್ಟವಾಗಿರುವ ಕಡೆ ರಾತ್ರಿಯಿಡೀ ಪಾಚಿಯೂ ಉಸಿರಾಡಿರುವುದರಿಂದ, ಸೂರ್ಯ ಹುಟ್ಟುವ ಹೊತ್ತಿಗೆ ಜಲಾಶಯದ ನೀರಿನಲ್ಲೇ ಆಮ್ಲಜನಕ ಅತಿ ಕಡಿಮೆ. ಆಗ ಹೊರಗಿನ ನೀರನ್ನು ಎಷ್ಟು ಎಳೆದರೂ ಫಲವಿಲ್ಲ, ಗಾಳಿಯನ್ನೇ ಬೆರೆಸಬೇಕು.

ಐಸು ಹಾಕಬಹುದೇ?

ಬಿಡಿ ಐಸನ್ನು ನೀರಿಗೆ ಸುರಿಯಬಾರದು. ನೀರು ಒಮ್ಮೆಲೇ ತಣ್ಣಗಾದರೆ ಮೀನು ತತ್ತರಿಸುತ್ತದೆ, ಐಸು ಕ್ಲೋರಿನ್ ನೀರಿನದ್ದಾಗಿದ್ದರೆ ಅದೂ ತೊಟ್ಟಿಗೆ ಸೇರುತ್ತದೆ. ಒಂದು ಲೀಟರಿನ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ, ಬಾಯಿ ಮುಚ್ಚಿದಂತೆಯೇ ಒಂದೊಂದಾಗಿ ತೊಟ್ಟಿಗೆ ಬಿಡಬೇಕು. ಜಲಾಶಯದ ನೀರಿಗಿಂತ ಮೂರ್ನಾಲ್ಕು ಡಿಗ್ರಿ ಕಡಿಮೆಯಾದರೆ ಸಾಕು.

ಕೊರಮೀನು ಗಾಳಿಯನ್ನೇ ಉಸಿರಾಡುತ್ತದಂತೆ. ಅದಕ್ಕೂ ಇಷ್ಟೆಲ್ಲ ಬೇಕಾ?

ಪೇಟೆಯಲ್ಲಿ ಮರಲ್ ಎಂದು ಕರೆಸಿಕೊಳ್ಳುವ ಕೊರಮೀನು ಮೇಲೆ ಬಂದು ಗಾಳಿ ನುಂಗಿ ಬದುಕುವ ಮೀನು. ಅದಕ್ಕೆ ಪಂಪಿಗಿಂತಲೂ ನೀರಿನ ಮೇಲೆ ತೆರೆದ ಜಾಗ ಮುಖ್ಯ. ಮುಚ್ಚಳಕ್ಕೆ ತಾಗುವಷ್ಟು ನೀರು ತುಂಬಿ ಮುಚ್ಚಿಟ್ಟರೆ, ಎಷ್ಟು ಹೊಸ ನೀರು ಹರಿಯುತ್ತಿದ್ದರೂ ಕೊರಮೀನು ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಮುಚ್ಚಳದ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟು, ಮುಚ್ಚಳಕ್ಕೆ ಗಾಳಿಯ ತೂತುಗಳನ್ನು ಮಾಡಿ, ಕೊಂಡಿ ಹಾಕಬೇಕು. ಅದು ಬಲವಾಗಿ ನೆಗೆಯುವ ಮೀನು, ಕೊಂಡಿಯಿಲ್ಲದ ಮುಚ್ಚಳವನ್ನು ಎತ್ತಿ ಹೊರಬೀಳುತ್ತದೆ. ಗೆಂಡೆ ಮರಿಗಳ ಜೊತೆ ಅದನ್ನು ಹಾಕಬಾರದು.

ಮನೆಯ ನಳದ ನೀರು ತುಂಬಿಕೊಂಡು ಹೋದರೆ ನಡೆಯುತ್ತದೆಯೇ? ಉಪ್ಪು ಹಾಕಬೇಕಂತಾರೆ.

ನಳದ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಮೀನು ಹಿಡಿದ ಜಾಗದ ನೀರೇ ಅದಕ್ಕೆ ಒಗ್ಗಿದ ನೀರು. ದೂರದ ಪಯಣವಿದ್ದರೆ ಲೀಟರಿಗೆ ಮೂರರಿಂದ ಐದು ಗ್ರಾಂ ಕಲ್ಲುಪ್ಪು ಹಾಕಿದರೆ ಮೀನಿನ ದಣಿವು ಕಡಿಮೆಯಾಗುತ್ತದೆ, ಆದರೆ ಹೊಸ ನೀರು ಹರಿಯುತ್ತಿರುವಾಗ ಉಪ್ಪು ಹಾಕಿದರೆ ಅದು ಹರಿದೇ ಹೋಗುತ್ತದೆ.

### ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಪಂಪನ್ನು ಒಂದು ಮೀಟರ್ ಕೆಳಗೆ ಇಳಿಸಿದರೆ ಅಷ್ಟು ಹೆಚ್ಚು ಎತ್ತರಕ್ಕೆ ನೀರೆತ್ತಬೇಕಾಗಿ ಮೋಟಾರಿಗೆ ಭಾರವಾಗುವುದಿಲ್ಲವೇ?

ಇಲ್ಲ. ಪಂಪು ಎತ್ತಬೇಕಾದ ಎತ್ತರವನ್ನು ಜಲಾಶಯದ ನೀರಿನ ಮೇಲ್ಮೈಯಿಂದ ಅಳೆಯಬೇಕು, ಪಂಪು ಇರುವ ಆಳದಿಂದಲ್ಲ. ಮುಳುಗಿದ ನಳಿಕೆಯೊಳಗೆ ನೀರು ತಾನಾಗಿಯೇ ಮೇಲ್ಮೈಯವರೆಗೆ ಏರಿ ನಿಂತಿರುತ್ತದೆ. ಹೆಚ್ಚಾಗುವುದು ಒಂದು ಮೀಟರ್ ನಳಿಕೆಯ ಒಳಗಿನ ತಿಕ್ಕಾಟ ಮಾತ್ರ, ಅದು ಅಲ್ಪ. ಒಂದು ಕಡು ಎಲ್ಬೋ ತೆಗೆದು ನಳಿಕೆಯನ್ನೇ ನಿಧಾನವಾಗಿ ಬಾಗಿಸಿದರೆ ಅದನ್ನು ಮರಳಿ ಗಳಿಸಬಹುದು.

ನೀರು ಸಿಂಪಡಿಸುವ ಪೈಪಿಗೆ ಎಷ್ಟು ತೂತು ಹಾಕಬೇಕು?

ಇದು ಒಳಕೊಳವೆಯ ತುದಿಗೆ, ತೊಟ್ಟಿಯ ನೀರಿನ ಮೇಲೆ ಹಾಕುವ ತೂತಿನ ಕೊಳವೆ. ಮುಕ್ಕಾಲು ಇಂಚಿನ ಕೊಳವೆಯ ಒಳವ್ಯಾಸ 19 ಮಿಲಿಮೀಟರ್ ಎಂದಿಟ್ಟುಕೊಂಡರೆ ಬಾಯಿಯ ವಿಸ್ತೀರ್ಣ ಸುಮಾರು 283 ಚದರ ಮಿಲಿಮೀಟರ್. 3 ಮಿಲಿಮೀಟರಿನ ಒಂದು ತೂತಿನದು 7. ಹಾಗಾಗಿ 40 ತೂತುಗಳು ಕೊಳವೆಯ ಬಾಯಿಗೆ ಸಮ. ತೂತು ಇದಕ್ಕಿಂತ ತುಂಬ ಕಡಿಮೆಯಾದರೆ ಪಂಪು ಉಸಿರುಕಟ್ಟುತ್ತದೆ, ಹೆಚ್ಚಾದರೆ ನೀರು ಜಿನುಗುತ್ತದೆಯೇ ಹೊರತು ಚಿಮ್ಮುವುದಿಲ್ಲ. ನಾನು 30ರಿಂದ 35 ಹಾಕಿ, ತುದಿಗೆ ಎಂಡ್ ಕ್ಯಾಪನ್ನು ಅಂಟಿಸದೆ ತಿರುಪಿನದನ್ನು ಹಾಕುತ್ತೇನೆ. ಕಸ ಸೇರಿದಾಗ ಬಿಚ್ಚಿ ಕೊಡವಬಹುದು. ಧಾರೆಗಳು ನೀರಿನ ಮೇಲಿಂದ ಓರೆಯಾಗಿ ಬೀಳಲಿ, ಗಾಳಿ ಬೆರೆಯುವುದು ಆ ಬೀಳುವಿಕೆಯಲ್ಲೇ.

ದೋಣಿಯಿಂದ ಇಳಿಸಿ ಟಂಟಂನಲ್ಲಿ ಪೇಟೆಗೆ ಒಯ್ಯುವಾಗ ಏನು ಮಾಡಬೇಕು?

ಆಗ ಹೊರದಾರಿಗಳನ್ನು ಬಾಲ್ ವಾಲ್ವಿನಿಂದ ಮುಚ್ಚಿ, ತೊಟ್ಟಿಯೊಳಗೇ ಇಟ್ಟ ಎರಡನೆಯ ಸಣ್ಣ ಪಂಪಿನಿಂದ ಅದೇ ನೀರನ್ನು ಸಿಂಪಡಿಸುವ ಕೊಳವೆಗೆ ತಿರುಗಿಸಬೇಕು. ಭೀಮೆಗೆ ಪ್ರವಾಹದ ರಾಡಿ ಬಂದಾಗ, ದಡದ ಅಂತರಗಂಗೆ ಎಂಬ ತೇಲುವ ಕಳೆಯ ನಡುವೆ ಹಾಯುವಾಗ, ಮೇಲೆ ಹೇಳಿದ ಬೆಳಗಿನ ಜಾವದಲ್ಲಿಯೂ ಇದೇ ಏರ್ಪಾಡು ನೆರವಿಗೆ ಬರುತ್ತದೆ. ದೋಣಿಗೆ ಮರಳಿದ ಕೂಡಲೇ, ಪಂಪು ಹಚ್ಚುವ ಮೊದಲು ಆ ವಾಲ್ವುಗಳನ್ನು ತೆರೆಯುವುದನ್ನು ಮರೆಯಬಾರದು. ಅದರ ಹಿಡಿಕೆಗೆ ನಾನು ಕೆಂಪು ಬಟ್ಟೆ ಕಟ್ಟುತ್ತೇನೆ.

ತಿರುಗಿಸಿದ ನೀರಿನಲ್ಲಿ ಆಮ್ಲಜನಕ ಉಳಿದರೂ ಅಮೋನಿಯಾ ಹೋಗುವುದಿಲ್ಲ. ಶಹಾಬಾದ, ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ಸೀಮೆಯಲ್ಲಿ ನೀರು ಸ್ವಲ್ಪ ಕ್ಷಾರದ ಕಡೆಗೇ ಇರುತ್ತದೆ, ಮತ್ತು ನೀರು ಕ್ಷಾರವಾದಷ್ಟೂ, ಬಿಸಿಯಾದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಹೊರಡುವ ಮೊದಲೇ ಒಂದೆರಡು ಡಬ್ಬಿ ಜಲಾಶಯದ ನೀರನ್ನು ಜೊತೆಗೆ ತೆಗೆದುಕೊಂಡು, ಗಂಟೆಗೊಮ್ಮೆ ತೊಟ್ಟಿಯ ಮೂರನೇ ಒಂದು ಪಾಲನ್ನು ಬದಲಿಸಿದರೆ ಮೀನು ಚುರುಕಾಗಿಯೇ ತಲುಪುತ್ತದೆ.

ಒಂದು ವರ್ಷಕ್ಕೇ ನೀರಿನ ಧಾರೆ ಅರ್ಧವಾಗಿದೆ. ಪಂಪು ಹಾಳಾಯಿತೇ?

ಮೊದಲು ಕೊಳವೆಯನ್ನು ನೋಡಬೇಕು. ನಮ್ಮ ಗಡಸು ನೀರು ತೂತುಗಳ ಸುತ್ತ ಬಿಳಿ ಪದರ ಕಟ್ಟುತ್ತದೆ. ಬಕೀಟು ನೀರಿಗೆ ಎರಡು ಹಿಡಿ ನಿಂಬೆಹುಳಿಯ ಪುಡಿ ಕಲಸಿ, ಮೀನಿಲ್ಲದಾಗ ಅರ್ಧ ಗಂಟೆ ಪಂಪು ಓಡಿಸಿದರೆ ಪದರ ಕರಗುತ್ತದೆ. ಆಮೇಲೆ ಎರಡು ಬಾರಿ ಬರೀ ನೀರು ಓಡಿಸಬೇಕು. ಫಿನಾಯಿಲು, ಬಟ್ಟೆ ಸೋಪು ಬೇಡ.

ಒಂದು ಜಲಾಶಯದ ಮೀನು ಉಳಿದರೆ ಇನ್ನೊಂದರಲ್ಲಿ ಬಿಡಬಹುದೇ?

ಬಿಡಬಾರದು. ಜಿಲೇಬಿಯಂತಹ ಮೀನು ಒಮ್ಮೆ ಸೇರಿದರೆ ಅಲ್ಲಿಯ ಸ್ಥಳೀಯ ಮೀನಿನ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಆಫ್ರಿಕನ್ ಮಾಗೂರು ಎಂಬ ಮೀಸೆ ಮೀನನ್ನು (ಕ್ಯಾಟ್‌ಫಿಶ್) ಸಾಕುವುದಂತೂ ನಮ್ಮ ದೇಶದಲ್ಲಿ ನಿಷಿದ್ಧ. ತೊಟ್ಟಿಯ ತಳದ ನೀರಿನಲ್ಲಿಯೂ ಮೊಟ್ಟೆ, ಮೀನಿನ ಹೇನು, ಪಾಚಿಯ ತುಣುಕು ಇರುತ್ತವೆ. ಕಾರಂಜಾದಲ್ಲಿ ತುಂಬಿದ ನೀರನ್ನು ಬೆಣ್ಣೆತೊರಾದಲ್ಲಿ ಚೆಲ್ಲದೆ, ನೀರಿನಿಂದ ದೂರದ ಒಣ ನೆಲಕ್ಕೆ ಸುರಿದು, ಪಂಪಿನ ಜಾಲರಿ ಬಿಚ್ಚಿ ತೊಳೆದು, ತೊಟ್ಟಿಯನ್ನು ಒಂದು ದಿನ ಬಿಸಿಲಿಗೆ ಬೋರಲು ಹಾಕಿ ಒಣಗಿಸಿದ ಮೇಲೆಯೇ ಮತ್ತೊಂದು ನೀರಿಗೆ ಇಳಿಸಬೇಕು.